ಅಂಗಳದ ಹೊಂಗೆ ಮರಗಳ ಕುರಿತು

ಮಾನ್ಯರೇ, ಮಳೆಗಾಲದಲ್ಲಿ ಕೆಸರಾಗುತ್ತದೆಂದು ಮಗಳ ಶಾಲೆಯ ಅಂಗಳದ ಹೊಂಗೆ ಮರಗಳನ್ನು ಕಡಿದು ಕಾಂಕ್ರೀಟ್ ಹಾಕಿಸಿದರೆ ಮಕ್ಕಳ ಕಲಿಕೆಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ ಎಂದೇ ನನ್ನ ಅಭಿಪ್ರಾಯ. ಸ್ಪೇನಿನ ಬಾರ್ಸಿಲೋನಾದ 36 ಪ್ರಾಥಮಿಕ ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಯ ಒಳಗೂ ಸುತ್ತಲೂ ಹಸಿರು ಹೆಚ್ಚಿದ್ದ ಕಡೆ ಮಕ್ಕಳ ಕಾರ್ಯಸ್ಮರಣೆ, ಅಂದರೆ ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಲೆಕ್ಕ ಮಾಡುವ ಶಕ್ತಿ, ಹೆಚ್ಚು ಬೆಳೆದದ್ದೂ ಗಮನ ಚದುರುವುದು ಕಡಿಮೆಯಾದದ್ದೂ ಕಂಡುಬಂದಿತು. ವಾಹನಗಳ ಹೊಗೆ ಕಡಿಮೆಯಿದ್ದುದು ಇದಕ್ಕೆ ಒಂದು ಕಾರಣ. ಉದುರಿದ ಹೊಂಗೆ ಹೂಗಳನ್ನು ಬೊಗಸೆಯಲ್ಲಿ ತುಂಬಿಕೊಂಡು, ಇರುವೆ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅದು ಎಲ್ಲಿಗೆ ಹೋಗುತ್ತದೆಂದು ನೋಡುವ ಮಗುವಿನ ಏಕಾಗ್ರತೆಯನ್ನು ನಾನು ಯಾವ ತರಗತಿಯಲ್ಲೂ ಕಂಡಿಲ್ಲ. ದಯವಿಟ್ಟು ಪೋಷಕರ ಸಭೆಯಲ್ಲಿ ಈ ವಿಷಯ ಎತ್ತಿ. ಕೆಸರಿಗೆ ಓಡಾಡುವ ದಾರಿಗಷ್ಟೇ ಕಲ್ಲು ಹಾಸಿದರೆ ಸಾಕು.