ಇಂಕ್‌ಟೋಬರ್‌ಗೆ ಇಳಿಯುವ ಮುಂಚೆ ಹಾಳೆ ಚಿಕ್ಕದು ಮಾಡಿಕೊಳ್ಳಿ

ಪೆನ್ಸಿಲ್ ಬಿಟ್ಟು ಬೇರೆಯದರಲ್ಲಿ ಚಿತ್ರ ಬಿಡಿಸಿ ಗೊತ್ತಿಲ್ಲ, ಕೆಲಸ ಮುಗಿಯುವಷ್ಟರಲ್ಲಿ ರಾತ್ರಿಯಾಗುತ್ತದೆ, ಹೀಗಿರುವಾಗ ಇಂಕ್‌ಟೋಬರ್ ಸವಾಲಿನಂತೆ ಅಕ್ಟೋಬರ್‌ನ 31 ದಿನವೂ ದಿನಕ್ಕೊಂದು ಇಂಕ್ ಚಿತ್ರ ಬಿಡಿಸಲು ಆಗುತ್ತದೆಯೇ, ಯಾವ ಪೆನ್ ತಗೊಳ್ಳಲಿ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಮೊದಲ ಸಲ ಹತ್ತು ದಿನವೂ ದಾಟಲಿಲ್ಲ. ಮರುವರ್ಷ 31ನ್ನೂ ಮುಗಿಸಿದೆ. ಆ ಒಂದು ವರ್ಷದಲ್ಲಿ ಕೈ ಅಂಥದ್ದೇನೂ ಪಳಗಿರಲಿಲ್ಲ. ಬದಲಾದದ್ದು ಹಾಳೆಯ ಅಳತೆ.

ಮೊದಲ ವರ್ಷ ಎ4 ಹಾಳೆಯಲ್ಲಿ ಶುರು ಮಾಡಿದ್ದೆ. ಪೆನ್ಸಿಲ್‌ನಲ್ಲಿ ನನಗೆ ಒಗ್ಗಿದ್ದ ಅಳತೆ ಅದು. ಆದರೆ ಪೆನ್ಸಿಲನ್ನು ಓರೆಯಾಗಿ ಹಿಡಿದು ನಾಲ್ಕು ಸಲ ಉಜ್ಜಿದರೆ ಇಡೀ ಆಕಾಶ ತುಂಬುತ್ತದೆ. ಸಣ್ಣ ಮೊನೆಯ ಇಂಕ್ ಪೆನ್ನಿಗೆ ಆ ಸೌಕರ್ಯ ಇಲ್ಲ. ನೆರಳು ಬೇಕೆಂದರೆ ಗೆರೆಯ ಪಕ್ಕಕ್ಕೆ ಗೆರೆ ಎಳೆದು, ಅದರ ಮೇಲೆ ಅಡ್ಡಗೆರೆ ಹಾಕಿಯೇ ತರಬೇಕು. 8ನೇ ದಿನ ಒಂದು ಹಳೆಯ ಮರ ಬಿಡಿಸಲು ಕೂತೆ. ಎರಡು ಗಂಟೆಯಾದರೂ ಕಾಂಡದ ತೊಗಟೆಯೇ ಅರ್ಧ ಉಳಿದಿತ್ತು. ನಾಳೆ ಮುಗಿಸೋಣ ಅಂದುಕೊಂಡೆ. ಮರುದಿನಕ್ಕೆ ಆ ದಿನದ್ದೇ ಬೇರೊಂದು ಚಿತ್ರ ಇತ್ತಲ್ಲ! ಎರಡು ಚಿತ್ರ ಬಾಕಿ ಬಿದ್ದ ಮೇಲೆ ಮೂರನೆಯ ರಾತ್ರಿ ಪುಸ್ತಕ ತೆರೆಯಲು ಮನಸ್ಸೇ ಬರಲಿಲ್ಲ.

ಮರುವರ್ಷ ಎ6ಗೆ ಇಳಿದೆ. ಎ4 ಹಾಳೆಯನ್ನು ಎರಡು ಸಲ ಮಡಚಿದರೆ ಬರುವ ಅಳತೆ, 105 × 148 ಮಿಲಿಮೀಟರ್. ತುಂಬಬೇಕಾದ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಪೆನ್ಸಿಲ್, ಇಪ್ಪತ್ತೈದು ನಿಮಿಷ ಇಂಕ್, ಮಿಕ್ಕ ಐದು ನಿಮಿಷ ಒಣಗಿಸಿ ಪೆನ್ಸಿಲ್ ಗೆರೆ ಅಳಿಸಲು: ಒಟ್ಟು ನಲವತ್ತು ನಿಮಿಷ. ಕೆಳಗೆ ಪೆನ್ಸಿಲ್ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಅದನ್ನು ಮೋಸ ಅಂದುಕೊಳ್ಳಬೇಡಿ. ಇಂಕ್ ಪೂರ್ತಿ ಒಣಗುವ ಮುಂಚೆ ಮಾತ್ರ ರಬ್ಬರ್ ಮುಟ್ಟಬೇಡಿ.

ಪೆನ್ ವಿಷಯಕ್ಕೆ ಬಂದರೆ, ಎರಡು ಸಾಕು: ಒಂದು ಪಿಗ್ಮೆಂಟ್ ಇಂಕ್ ಫೈನ್‌ಲೈನರ್ (ಸಣ್ಣ ಮೊನೆಯ ಗೆರೆ ಪೆನ್), ಒಂದು ಬ್ರಷ್ ಪೆನ್ (ಕುಂಚದಂಥ ಮೆತ್ತನೆ ಮೊನೆಯದು). ಫೈನ್‌ಲೈನರ್‌ಗಳಲ್ಲಿ ಪಿಗ್ಮಾ ಮೈಕ್ರಾನ್ ಎಂಬುದನ್ನು ತೆಗೆದುಕೊಳ್ಳುವುದಾದರೆ ಮೇಲಿನ ಸಂಖ್ಯೆ ನೋಡಿ ಗಲಿಬಿಲಿಯಾಗಬೇಡಿ, 01 ಎಂದರೆ ಗೆರೆಯ ದಪ್ಪ 0.1 ಅಲ್ಲ, 0.25 ಮಿಲಿಮೀಟರ್. 05 ಎಂದರೆ 0.45. ಎ6 ಹಾಳೆಗೆ 01 ಚೆನ್ನಾಗಿ ಒಗ್ಗುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಕಣಗಳು ಕಾಗದದ ನಾರಿಗೆ ಕಚ್ಚಿಕೊಳ್ಳುತ್ತವೆ, ಹಾಗಾಗಿ ಒಣಗಿದ ಮೇಲೆ ನೀರು ತಾಗಿದರೂ ಕದಡುವುದಿಲ್ಲ. ಮಾಮೂಲಿ ಡೈ ಇಂಕ್ ಸಾಮಾನ್ಯವಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಮುಂದೆ ಯಾವತ್ತಾದರೂ ಅದ್ದಿ ಬರೆಯುವ ನಿಬ್ ಕೊಂಡರೆ ಮೊದಲು ಚೆನ್ನಾಗಿ ಒರೆಸಿ. ತುಕ್ಕು ಹಿಡಿಯದಿರಲೆಂದು ಹೊಸ ನಿಬ್‌ಗೆ ಎಣ್ಣೆ ಸವರಿರುತ್ತಾರೆ, ಅದರಿಂದ ಇಂಕ್ ನಿಲ್ಲದೆ ಹನಿಯಾಗಿ ಜಾರುತ್ತದೆ. ಅರಗು ಬೆರೆತ ಇಂಡಿಯಾ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಿಸಿದರೆ ಪೆನ್ ಕಟ್ಟಿಕೊಳ್ಳುತ್ತದೆ. ಕಾಗದ ನುಣುಪಾಗಿರಲಿ, 160 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮೇಲಿರಲಿ. ಪ್ರಿಂಟರ್‌ನ 80 ಜಿಎಸ್‌ಎಂ ಹಾಳೆಯಲ್ಲಿ ಬ್ರಷ್ ಪೆನ್ನಿನ ಕಪ್ಪು ಹಿಂಬದಿಗೂ ಇಳಿಯುತ್ತದೆ.

ರಾತ್ರಿ ಕೂತಾಗ ಹೆಚ್ಚು ಹೊತ್ತು ತಿನ್ನುವುದು ಕೈಕೆಲಸವಲ್ಲ, 'ಏನು ಬಿಡಿಸಲಿ' ಎಂಬ ಯೋಚನೆ. ಅದನ್ನು ಹಗಲೇ ಮುಗಿಸಿಡಿ. ಇಂಕ್‌ಟೋಬರ್ ಪಟ್ಟಿಯಲ್ಲಿ ದಿನಕ್ಕೊಂದು ಪದ ಇರುತ್ತದೆ; ಬಿಡುವು ಸಿಕ್ಕಾಗ ಆ ದಿನದ ಪದಕ್ಕೆ ಬೆಂಕಿಪೊಟ್ಟಣದಷ್ಟು ಚಿಕ್ಕ ಮೂರು ಗೀಚುಚಿತ್ರ ಹಾಕಿ. ನನ್ನ ಅನುಭವದಲ್ಲಿ ಮೊದಲನೆಯದು ಯಾರಿಗಾದರೂ ಹೊಳೆಯುವಂಥದ್ದು, ಮೂರನೆಯದರಲ್ಲಿ ಏನಾದರೂ ಇರುತ್ತದೆ.

ಆ ಎರಡನೆಯ ವರ್ಷದ 17ನೇ ದಿನವನ್ನು ನಾನು ಮರೆಯುವುದಿಲ್ಲ. ದೀಪದ ಪಕ್ಕದ ಒಂದು ಕುರ್ಚಿ ಬಿಡಿಸುತ್ತಿದ್ದೆ. ಸಮಯ ಮೀರುತ್ತಿತ್ತು, ಗೆರೆ ಮೇಲೆ ಗೆರೆ ಎಳೆದು ನೆರಳು ತರುವ ಹ್ಯಾಚಿಂಗ್‌ಗೆ ಬಿಡುವಿರಲಿಲ್ಲ. ಬ್ರಷ್ ಪೆನ್ ತೆಗೆದು ನೆರಳಿನ ಭಾಗವನ್ನೆಲ್ಲ ಒಂದೇ ಸಮ ಕಪ್ಪು ಮಾಡಿದೆ. ಬೆಳಕು ಬಿದ್ದ ಬದಿಯಲ್ಲಿ ಕುರ್ಚಿಯ ಅಂಚುಗೆರೆಯನ್ನೂ ಎಳೆಯಲಿಲ್ಲ. ದೂರ ಹಿಡಿದು ನೋಡಿದರೆ, ಎಳೆಯದ ಆ ಗೆರೆ ಅಲ್ಲಿ ಕಾಣುತ್ತಿತ್ತು! ಬಿಳಿ ಹಾಳೆಯೇ ಬೆಳಕಾಗಿತ್ತು. ಪೆನ್ಸಿಲ್ ನೂರು ಬಗೆಯ ಬೂದು ಕೊಡುತ್ತದೆ, ಅದರಲ್ಲಿ ಎಲ್ಲವನ್ನೂ ಅರೆಬರೆ ಹೇಳಿ ತಪ್ಪಿಸಿಕೊಳ್ಳಬಹುದು. ಇಂಕ್‌ನಲ್ಲಿ ಕಪ್ಪು ಅಥವಾ ಬಿಳಿ, ಎರಡರಲ್ಲಿ ಒಂದನ್ನು ಆರಿಸಲೇಬೇಕು. ಅಂದಿನಿಂದ ನಾನು ಮೊದಲು ಕಪ್ಪು ಎಲ್ಲಿ ಎಂದು ಗುರುತು ಹಾಕಿಕೊಂಡು ಆಮೇಲೆ ಗೆರೆಗೆ ಹೋಗುತ್ತೇನೆ.

ಒಂದು ದಿನ ತಪ್ಪಿದರೆ? ಬಿಟ್ಟುಬಿಡಿ, ಮರುದಿನ ಎರಡು ಬಿಡಿಸಿ ತುಂಬಿಕೊಡಲು ಹೋಗಬೇಡಿ. ನಾನು ಕೈಬಿಟ್ಟದ್ದೇ ಆ ಬಾಕಿಯ ಲೆಕ್ಕದಿಂದ. 2009ರಲ್ಲಿ ಜೇಕ್ ಪಾರ್ಕರ್ ಎಂಬ ಕಲಾವಿದ ಇಂಕ್‌ಟೋಬರ್ ಶುರು ಮಾಡಿದ್ದು ತನ್ನದೇ ಇಂಕ್ ಕೆಲಸ ಸುಧಾರಿಸಲಿ, ದಿನವೂ ಬಿಡಿಸುವ ಅಭ್ಯಾಸ ಬರಲಿ ಎಂದು. ದಿನ ಬಿಟ್ಟು ದಿನವೋ ವಾರಕ್ಕೊಂದೋ ಮಾಡುವವರಿಗೂ ಇದರಲ್ಲಿ ಜಾಗ ಇಟ್ಟಿದ್ದಾರೆ.

ಸೆಪ್ಟೆಂಬರ್ ಮುಗಿಯುವ ಮುಂಚೆ ಒಂದು ಕೆಲಸ ಮಾಡಿ. ಒಳ್ಳೆಯ ಎ4 ಹಾಳೆ ಒಂಬತ್ತು ತಂದು ಒಂದೊಂದನ್ನೂ ನಾಲ್ಕು ತುಂಡು ಮಾಡಿಡಿ. 36 ಆಗುತ್ತದೆ. ಅಕ್ಟೋಬರ್‌ಗೆ 31, ಉಳಿದ ಐದು ಪೆನ್ ಪರೀಕ್ಷಿಸಲು ಮತ್ತು ಕೆಟ್ಟುಹೋಗುವ ಚಿತ್ರಗಳಿಗೆ.