ಎಬಿಎಸ್ ಲೈಟ್ ಆರದಿದ್ದರೆ ಮೊದಲು ಸೆನ್ಸರ್ ನೋಡಿ

ಮಳೆಗಾಲದ ನಂತರ ಬೈಕಿನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಆರುತ್ತಿಲ್ಲ, ಮೆಕ್ಯಾನಿಕ್ ಇಡೀ ಯೂನಿಟ್ (ಪಂಪ್, ವಾಲ್ವ್ ಇರುವ ಎಬಿಎಸ್ ಭಾಗ) ಬದಲಿಸಿ ಅಂದರು ಅಂತ ಬರೆದಿದ್ದೀರಿ. ನನ್ನ ಅನುಮಾನ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಮೇಲೆ. ಗಾಡಿ ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದರೆ ಯೂನಿಟ್ ಕೆಡುವುದು ಅಪರೂಪ.

ಮೊದಲು ಬ್ಯಾಟರಿ ಮತ್ತು ಎಬಿಎಸ್ ಫ್ಯೂಸ್ ನೋಡಿ. ಹಳೇ ಬ್ಯಾಟರಿ ಸೆಲ್ಫ್ ಹೊಡೆದಾಗ ಕುಸಿದರೂ ಈ ಲೈಟ್ ಉಳಿಯುತ್ತದೆ. ಆಮೇಲೆ ಸೆನ್ಸರ್ ಬಿಚ್ಚಿ. ತುದಿಯಲ್ಲಿ ಅಯಸ್ಕಾಂತ ಇರುವುದರಿಂದ ಕಬ್ಬಿಣದ ಪುಡಿ ಮೀಸೆ ತರ ಅಂಟಿರುತ್ತದೆ, ಬಟ್ಟೆಯಲ್ಲಿ ಒರೆಸಿ. ಚಕ್ರ ತಿರುಗಿಸಿ, ಸೆನ್ಸರ್ ಎದುರು ತಿರುಗುವ ರಿಂಗ್ ಸೊಟ್ಟಗಾಗಿದೆಯಾ ನೋಡಿ. ಕನೆಕ್ಟರ್ ಬಿಚ್ಚಿದಾಗ ಪಿನ್ ಹಸಿರುಗಟ್ಟಿದ್ದರೆ ಅಲ್ಲೇ ಕಳ್ಳ ಸಿಕ್ಕ. ಹ್ಯಾಂಡಲ್ ತಿರುಗುವ ಕಡೆ ವೈರ್ ಒಳಗೇ ತುಂಡಾಗಿರುವುದೂ ಉಂಟು.

ಎಲ್ಲ ಜೋಡಿಸಿದ ಮೇಲೆ ಸ್ವಲ್ಪ ದೂರ ಓಡಿಸಿ. ನಿಂತಲ್ಲೇ ಲೈಟ್ ಆರಲ್ಲ, ಸುಮ್ನೆ ಗಾಬರಿ ಬೇಡ.

ಆಗಲೂ ಆರದಿದ್ದರೆ ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ಕೇಳಿ. ಪಂಪ್ ಅಥವಾ ವಾಲ್ವ್ ಕೋಡ್ ಬಂದರೆ ಮಾತ್ರ ಯೂನಿಟ್ ಮಾತು. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಬದಲಿಸುವುದಾದರೆ ಅದೇ ಪಾರ್ಟ್ ನಂಬರಿನದೇ ತನ್ನಿ, ಹೊಸ ಬ್ರೇಕ್ ಆಯಿಲ್ ಹಾಕಿಸಿ ಗಾಳಿ ಪೂರ್ತಿ ತೆಗೆಸಿ. ಅಲ್ಲಿಯವರೆಗೆ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು.