ಇಂಜೆಕ್ಷನ್ ಮಂಗಳವಾರ, ಗಂಡ ಬಂದದ್ದು ಶನಿವಾರ

ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವ ಆಕೆಗೆ 29 ವರ್ಷ, ಪಿಸಿಒಡಿ (ಮೊಟ್ಟೆ ಸರಿಯಾಗಿ ಬಲಿತು ಹೊರಬರದ ತೊಂದರೆ) ಇದೆ. ಗಂಡನಿಗೆ ಬೆಂಗಳೂರಲ್ಲಿ ಕೆಲಸ, ಊರಿಗೆ ಬರುವುದು ವಾರಕ್ಕೊಮ್ಮೆ. (ಗುರುತು ಸಿಗದಂತೆ ವಿವರ ಬದಲಿಸಿದೆ.) ವೀರ್ಯ ಪರೀಕ್ಷೆ, ಗರ್ಭನಾಳದ ಪರೀಕ್ಷೆ ಎರಡೂ ಸರಿಯಿದ್ದವು. ಮುಟ್ಟಿನ 3ನೇ ದಿನದಿಂದ 5 ದಿನ ಮೊಟ್ಟೆ ಬೆಳೆಯಲು ಲೆಟ್ರೋಜೋಲ್ ಮಾತ್ರೆ. 12ನೇ ದಿನ, ಮಂಗಳವಾರ, ಸ್ಕ್ಯಾನಿನಲ್ಲಿ 19 ಮಿ.ಮೀ. ಫಾಲಿಕಲ್ (ಮೊಟ್ಟೆ ಬೆಳೆಯುವ ಚೀಲ) ಕಂಡಿತು, ಅಂದೇ ರಾತ್ರಿ 9ಕ್ಕೆ ಎಚ್‌ಸಿಜಿ 5000 ಯೂನಿಟ್ ಇಂಜೆಕ್ಷನ್, ಬಲಿತ ಮೊಟ್ಟೆಯನ್ನು ಹೊರಬಿಡಿಸುವ ಹಾರ್ಮೋನ್.

"ಮೊಟ್ಟೆ ಒಡೆಯೋ ಇಂಜೆಕ್ಷನ್ ಆಯ್ತು ಅಂತ ಆಗಲೇ ಫೋನ್ ಮಾಡಿದೆ ಮೇಡಂ. ಇವ್ರು ಶನಿವಾರ ಬಂದ್ರು." ಎರಡು ತಿಂಗಳೂ ಹೀಗೇ.

ಹಾಳೆಯ ಮೇಲೆ ಗಂಟೆ ಎಣಿಸಿ ತೋರಿಸಿದೆವು. ಇಂಜೆಕ್ಷನ್ ಆಗಿ ಸುಮಾರು 36ರಿಂದ 40 ಗಂಟೆಗೆ ಮೊಟ್ಟೆ ಹೊರಬರುತ್ತದೆ: ಅಂದರೆ ಗುರುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1. ಅದರ ಆಯುಸ್ಸು ಹೆಚ್ಚೆಂದರೆ 24 ಗಂಟೆ. ಶುಕ್ರವಾರ ಮಧ್ಯಾಹ್ನಕ್ಕೇ ಬಾಗಿಲು ಮುಚ್ಚಿತ್ತು. ವೀರ್ಯಾಣು ಒಳಗೆ ಮೂರು ದಿನ, ಕೆಲವೊಮ್ಮೆ ಐದು ದಿನ ಬದುಕುತ್ತದೆ. ಆದ್ದರಿಂದ ಅದು ಮೊದಲೇ ಹೋಗಿ ಕಾಯಬೇಕು. ಬುಧವಾರ ರಾತ್ರಿ ಒಮ್ಮೆ, ಗುರುವಾರ ಒಮ್ಮೆ ಸೇರಿದ್ದರೆ ಸಾಕಿತ್ತು. ಇಂಜೆಕ್ಷನ್ ಒಂದೆರಡು ಗಂಟೆ ಆಚೀಚೆ ಆದರೆ ಇಲ್ಲಿ ಚಿಂತೆಯಿಲ್ಲ. ಐವಿಎಫ್‌ನಲ್ಲಿ ಮೊಟ್ಟೆ ತೆಗೆಯುವಾಗ ಮಾತ್ರ ಆ ಸಡಿಲ ಇಲ್ಲ.

ನಿಜವಾದ ನೋವು ಬೇರೆಡೆ ಇತ್ತು. ಇಂಜೆಕ್ಷನ್ ಆದ 8ನೇ ದಿನ ಮನೆಯಲ್ಲೇ ಗರ್ಭಪರೀಕ್ಷೆಯ ಕಿಟ್ ಹಾಕಿ ನೋಡಿದ್ದರು. ಎರಡನೇ ಗೆರೆ ಮಸುಕಾಗಿ ಬಂತು, ಅತ್ತೆ ಪಾಯಸ ಮಾಡಿದರು. 15ನೇ ದಿನ ಮುಟ್ಟು. "ಪಪ್ಪಾಯಿ ತಿಂದಳು, ಅದಕ್ಕೇ ಇಳಿದುಹೋಯ್ತು" ಎಂಬ ಮಾತು ಅಡುಗೆಮನೆಯಿಂದ ಹೊರಟಿತು. ಕಿಟ್ ಹುಡುಕುವುದೇ ಗರ್ಭ ನಿಂತಾಗ ದೇಹದಲ್ಲಿ ಬರುವ ಎಚ್‌ಸಿಜಿಯನ್ನು, ಚುಚ್ಚಿದ್ದೂ ಅದೇ. ರಕ್ತದಿಂದ ಅದು ಪೂರ್ತಿ ಹೋಗಲು 10–14 ದಿನ ಬೇಕು. ಆ ಗೆರೆ ಇಂಜೆಕ್ಷನ್ನಿನದೇ ಇರಬಹುದು, ಗರ್ಭ ನಿಂತಿತ್ತು ಎನ್ನಲು ಆಧಾರವೇ ಇಲ್ಲ. ಇದನ್ನು ಅತ್ತೆಯನ್ನೂ ಕೂರಿಸಿಕೊಂಡು ಹೇಳಿದೆವು.

ಕೊಟ್ಟ ಸಲಹೆ: ಗಂಡ ಮುಟ್ಟಿನ 10ನೇ ದಿನದ ಸ್ಕ್ಯಾನ್ ಹೊತ್ತಿಗೇ ರಜೆ ಕೇಳಿಡಲಿ. ಫಾಲಿಕಲ್ ದಿನಕ್ಕೆ ಸುಮಾರು 2 ಮಿ.ಮೀ. ಬೆಳೆಯುವುದರಿಂದ ಇಂಜೆಕ್ಷನ್ ದಿನ ಅಂದಾಜಿಗೆ ಸಿಗುತ್ತದೆ. ಶುಕ್ರವಾರ ರಾತ್ರಿಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ, ಆದರೆ ತಾವಾಗಿ ಮುಂದೂಡಬೇಡಿ. ಅಷ್ಟರಲ್ಲಿ ದೇಹ ತಾನೇ ಮೊಟ್ಟೆ ಬಿಟ್ಟೀತು. ಮನೆಯ ಕಿಟ್ ಇಂಜೆಕ್ಷನ್ ಆದ 16ನೇ ದಿನಕ್ಕೆ ಮುಂಚೆ ಬೇಡ. ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ.

ಗಂಡ ಕೂತಲ್ಲೇ ಫೋನಿನ ಕ್ಯಾಲೆಂಡರ್ ತೆಗೆದರು.